ಪಂಡಿತಾ ರಮಾಬಾಯಿಯವರು ಕ್ರಿಸ್ತನನ್ನು ಅರಿತ ಬಗೆ

ನಮ್ಮ ಶಾಲೆಯಲ್ಲಿ ಓದಿ ಹೊರಟವರಾರೂ ಸತ್ಯವೇದದ ತರಗತಿಯನ್ನು ಮರೆತಿರಲಾರರು. ಯಾಕೋಬನ ಹನ್ನೆರಡು ಮಂದಿ ಮಕ್ಕಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದೆವು. ಪೌಲನ ಸಂಚಾರಗಳನ್ನು ಭೂಪಟದ ಮೇಲೆ ಕೆಂಪು ಮಸಿಯಿಂದ ಗುರುತಿಸಿ ತೋರಿಸುತ್ತಿದ್ದೆವು. ವರ್ಷಾಂತ್ಯದಲ್ಲಿ ಬಹುಮಾನದ ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಓಡುತ್ತಿದ್ದೆವು. ಅವೆಲ್ಲವೂ ಒಳ್ಳೆಯವೇ. ಆದರೆ ಶಾಲೆಯನ್ನು ಬಿಟ್ಟು, ಸಂಸಾರದ ಭಾರವು ಹೆಗಲಿಗೆ ಬಿದ್ದು, ಮನೆಯಲ್ಲಿ ಕಾಯಿಲೆಯೂ ಸಾವೂ ಕಾಲಿಟ್ಟ ಮೇಲೆ ನಮ್ಮಲ್ಲಿ ಅನೇಕರು ಒಳಗೊಳಗೇ ಒಂದು ಪ್ರಶ್ನೆಯನ್ನು ಕೇಳಿಕೊಂಡಿರುವೆವು. ಯೇಸುಸ್ವಾಮಿಯ ವಿಷಯವಾಗಿ ಇಷ್ಟೆಲ್ಲ ತಿಳಿದಿರುವ ನಾವು ಯೇಸುಸ್ವಾಮಿಯನ್ನು ಬಲ್ಲೆವೋ? ಈ ಪ್ರಶ್ನೆಯನ್ನು ತಮ್ಮನ್ನು ತಾವೇ ಕೇಳಿಕೊಂಡು, ಇಲ್ಲವೆಂಬ ಉತ್ತರವು ಬಂದಾಗ ಅದನ್ನು ಮರೆಮಾಚದೆ ಲೋಕದ ಮುಂದೆ ಒಪ್ಪಿಕೊಂಡ ಒಬ್ಬ ಮಹಾವಿದುಷಿಯ ಚರಿತ್ರೆಯನ್ನು ಈ ಸಂಚಿಕೆಗಾಗಿ ಬರೆಯಲುದ್ಯುಕ್ತರಾಗಿದ್ದೇವೆ. ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ವಿರಳ. ವಿಧವೆಯರಿಗಾಗಿಯೂ ಕ್ಷಾಮದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗಾಗಿಯೂ ಅವರು ಮಾಡಿದ ಸೇವೆಯನ್ನು ಎಲ್ಲರೂ ಕೊಂಡಾಡುವರು. ಆ ಮರವು ಯಾವ ಬೇರಿನಿಂದ ನೀರನ್ನು ಹೀರಿತೆಂಬುದನ್ನು ವಿಚಾರಿಸುವವರು ಮಾತ್ರ ಸ್ವಲ್ಪ ಮಂದಿ.

ರಮಾಬಾಯಿಯವರು ಮಹಾರಾಷ್ಟ್ರದವರೆಂದೇ ಬಹುಜನರು ಭಾವಿಸುವರು. ಅವರು ಹುಟ್ಟಿದ್ದು ನಮ್ಮ ಕನ್ನಡನಾಡಿನ ಮಲೆಯಲ್ಲಿ. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳವೆಂಬ ಊರಿನವರು, ಸಂಸ್ಕೃತದಲ್ಲಿ ಪಾರಂಗತರು. ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶವೆಯ ರಾಣಿಗೆ ಸಂಸ್ಕೃತಪಾಠವನ್ನು ಹೇಳುತ್ತಿದ್ದುದನ್ನು ಅವರು ಕಂಡಿದ್ದರು. ಹೆಂಗಸರೂ ದೇವಭಾಷೆಯನ್ನು ಕಲಿಯಬಹುದೆಂಬ ವಿಚಾರವು ಅಂದೇ ಅವರ ಮನಸ್ಸಿನಲ್ಲಿ ನಾಟಿತು. ತಮ್ಮ ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಪಾಠವನ್ನಾರಂಭಿಸಿದಾಗ ಬಂಧುಗಳು ಕೋಪಗೊಂಡರು. ಶಾಸ್ತ್ರಿಗಳು ಜಗಳವಾಡುತ್ತ ಕಾಲ ಕಳೆಯದೆ ಹೆಂಡತಿಯನ್ನು ಕರೆದುಕೊಂಡು ಕಾಡನ್ನು ಸೇರಿದರು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ, ಹುಲಿಗಳ ಗರ್ಜನೆಯು ಕೇಳಬರುವಂಥ ಸ್ಥಳದಲ್ಲಿ, ಒಂದು ಆಶ್ರಮವನ್ನು ಕಟ್ಟಿಕೊಂಡು ಶಿಷ್ಯರಿಗೂ ಪತ್ನಿಗೂ ವಿದ್ಯೆಯನ್ನು ಹೇಳಿಕೊಟ್ಟರು. ಅಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ನೆಯ ತಾರೀಖು ರಮಾಬಾಯಿಯವರು ಜನಿಸಿದರು.

ಮಗುವಿಗೆ ವರ್ಷ ತುಂಬುವುದಕ್ಕೆ ಮುಂಚೆಯೇ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಆಳೊಬ್ಬನ ತಲೆಯ ಮೇಲಿನ ಬೆತ್ತದ ಬುಟ್ಟಿಯೇ ಕೂಸಿಗೆ ತೊಟ್ಟಿಲಾಯಿತು. ಆಮೇಲೆ ಅವರಿಗೆ ನಿಂತ ಊರೆಂಬುದಿರಲಿಲ್ಲ. ದೇವಸ್ಥಾನದ ಪ್ರಾಕಾರದಲ್ಲಿಯೋ ನದಿಯ ಘಟ್ಟದಲ್ಲಿಯೋ ಕುಳಿತು ಶಾಸ್ತ್ರಿಗಳು ಪುರಾಣವನ್ನೋದುವರು, ಕೇಳಿದವರು ಕಾಳನ್ನೋ ಕಾಸನ್ನೋ ಹಾಕುವರು, ಅದೇ ಜೀವನ. ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನೆಬ್ಬಿಸಿ ಮಡಿಲಲ್ಲಿ ಕೂಡಿಸಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುವಳು. ಹನ್ನೆರಡನೆಯ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ಆ ಬಾಲೆಗೆ ಕಂಠಸ್ಥವಾಗಿದ್ದವು. ಊರೂರು ಸುತ್ತಿದುದರಿಂದ ಮರಾಠಿಯ ಜತೆಗೆ ಕನ್ನಡವೂ ಹಿಂದೂಸ್ತಾನಿಯೂ ಸಹಜವಾಗಿ ನಾಲಗೆಗೆ ಬಂದವು.

ಕ್ಷಾಮದ ದಿನಗಳು ಬಂದವು. ಕೈಯಲ್ಲಿದ್ದುದೆಲ್ಲವೂ ದಾನಧರ್ಮಗಳಲ್ಲಿ ತೀರಿಹೋಗಿತ್ತು. ಪಂಡಿತರ ಮನೆತನದವರಿಗೆ ಕೂಲಿ ಮಾಡಲು ತಿಳಿಯದು, ಬೇಡಲು ನಾಚಿಕೆ. ಎಲೆಗಳನ್ನು ತಿಂದು ದಿನಗಳನ್ನು ನೂಕಿದರು. 1874ರಲ್ಲಿ, ಕಣ್ಣು ಕಾಣದ ಮುದುಕರಾಗಿದ್ದ ಶಾಸ್ತ್ರಿಗಳು ಕಿರಿಯ ಮಗಳನ್ನು ತಬ್ಬಿಕೊಂಡು, ಅವಳನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ, ಅವಳು ಜೀವಮಾನವೆಲ್ಲ ಆತನನ್ನೇ ಸೇವಿಸಬೇಕೆಂದೂ ಹೇಳಿ ಪ್ರಾಣಬಿಟ್ಟರು. ಕುಟುಂಬವು ತೆವಳುತ್ತ ರಾಯಚೂರಿಗೆ ಬಂದಿತು. ಅಲ್ಲಿ ತಾಯಿಯು ಹಾಸಿಗೆ ಹಿಡಿದಳು. ಒಂದು ತುಂಡು ಒರಟು ರೊಟ್ಟಿ ಸಿಕ್ಕಿದರೂ ತಿನ್ನುವೆನೆಂದು ಆಕೆಯು ಹೇಳಿದಾಗ, ಎಂದೂ ಬೇಡದ ಮಗಳು ನೆರೆಮನೆಯ ಬಾಗಿಲಲ್ಲಿ ನಿಂತಳು. ಮಾತು ಹೊರಡದೆ ಕಣ್ಣೀರೇ ಸುರಿಯಿತು. ಆ ಮನೆಯ ಗೃಹಿಣಿಯು ಕನಿಕರಪಟ್ಟು ರೊಟ್ಟಿಯನ್ನು ಕೊಟ್ಟಳು. ಆದರೆ ತಾಯಿಗೆ ಅದನ್ನು ನುಂಗುವ ಶಕ್ತಿಯೂ ಉಳಿದಿರಲಿಲ್ಲ. ಆಕೆಯೂ ಹೋದಳು, ಅಕ್ಕನೂ ತೀರಿಕೊಂಡಳು. ಉಳಿದವರು ಅಣ್ಣ ಶ್ರೀನಿವಾಸ, ತಂಗಿ ರಮಾ, ಇಬ್ಬರೇ.

ಮುಂದೆ ಬರುವುದೆಲ್ಲವೂ ಇಲ್ಲಿಂದಲೇ ಹುಟ್ಟಿದುದಾಗಿದೆ. ಅಣ್ಣತಂಗಿಯರು ಬರಿಗಾಲಿನಲ್ಲಿ ದಕ್ಷಿಣದಿಂದ ಕಾಶ್ಮೀರದವರೆಗೂ ಅಲ್ಲಿಂದ ಪೂರ್ವಕ್ಕೂ ಸಾವಿರಾರು ಮೈಲಿಗಳನ್ನು ನಡೆದರು. ಚಳಿಯ ರಾತ್ರಿಗಳಲ್ಲಿ ನದಿಯ ದಂಡೆಯ ಮರಳಿನಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೆ ಮರಳನ್ನೆಳೆದುಕೊಂಡು ಮಲಗಿದರು. ಕಂಡ ಕ್ಷೇತ್ರದಲ್ಲೆಲ್ಲ ವ್ರತನೇಮಗಳನ್ನು ಶಾಸ್ತ್ರೋಕ್ತವಾಗಿ ಮಾಡಿದರು. ಅವರು ಹುಡುಕಿದುದು ದರ್ಶನವನ್ನು, ದೊರೆತದ್ದು ಹಸಿವು. ಯಾರನ್ನಾದರೂ ದೂಷಿಸಬೇಕೆಂದು ನಾವು ಇದನ್ನು ಹೇಳುವುದಿಲ್ಲ. ಆ ಹುಡುಗಿಯ ದಾಹವು ಯಾವ ಬಗೆಯದೆಂಬುದನ್ನು ತಿಳಿಯದ ಹೊರತು ಮುಂದಿನದು ಅರ್ಥವಾಗದು.

1878ರಲ್ಲಿ ಇಬ್ಬರೂ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ಪಂಡಿತರು ಈ ಇಪ್ಪತ್ತು ವರ್ಷದ ಕನ್ಯೆಯನ್ನು ಪರೀಕ್ಷಿಸಿ, ಆಶ್ಚರ್ಯಪಟ್ಟು, ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನಿತ್ತರು. ಅಲ್ಲಿಯೇ ಮೊದಲ ಬಾರಿಗೆ ಕ್ರೈಸ್ತರ ಒಂದು ಕೂಟಕ್ಕೆ ಹೋಗುವ ಸಂದರ್ಭವೂ ಒದಗಿತು. ಪ್ರಾರ್ಥನೆಯ ಸಮಯದಲ್ಲಿ ಎಲ್ಲರೂ ತಮ್ಮ ತಮ್ಮ ಕುರ್ಚಿಗಳ ಕಡೆಗೆ ತಿರುಗಿ ಮೊಣಕಾಲೂರಿದರು. ಇವರಿಗೆ ಕುರ್ಚಿಯೇ ದೇವರೆಂದು ಅಣ್ಣತಂಗಿಯರು ತಿಳಿದುಕೊಂಡರು! ಈ ಪ್ರಸಂಗವನ್ನು ಓದಿದಾಗಲೆಲ್ಲ ನಾವು ನಗುವೆವು. ನಕ್ಕ ಮೇಲೆ, ನಮ್ಮ ಆರಾಧನೆಯನ್ನು ಹೊರಗಿನಿಂದ ನೋಡುವವರಿಗೆ ಏನು ಕಾಣುತ್ತದೆಯೋ ಎಂದು ಸ್ವಲ್ಪ ಸಂಕೋಚವೂ ಆಗುವುದು. ಅಂದು ಅವರಿಗೆ ಸಂಸ್ಕೃತದ ಸತ್ಯವೇದವೊಂದು ದೊರೆಯಿತು. ಓದಿದರು, ತಿಳಿಯಲಿಲ್ಲ, ಬದಿಗಿಟ್ಟರು.

ಕಲ್ಕತ್ತೆಯಲ್ಲಿ ಕೇಶವಚಂದ್ರ ಸೇನರು ವೇದವನ್ನೋದುವಂತೆ ಪ್ರೇರೇಪಿಸಲು, ರಮಾಬಾಯಿಯವರು ಧರ್ಮಶಾಸ್ತ್ರಗಳನ್ನೂ ಆಳವಾಗಿ ವ್ಯಾಸಂಗ ಮಾಡಿದರು. ಆ ಗ್ರಂಥಗಳು ಬೇರೆ ಎಷ್ಟೋ ವಿಷಯಗಳಲ್ಲಿ ಒಂದಕ್ಕೊಂದು ಹೊಂದದಿದ್ದರೂ, ಸ್ತ್ರೀಗೆ ಸ್ವತಂತ್ರವಾಗಿ ಮೋಕ್ಷವಿಲ್ಲವೆಂಬ ವಿಷಯದಲ್ಲಿ ಒಮ್ಮತವುಳ್ಳವೆಂದು ಅವರಿಗೆ ತೋರಿತು. ಇಷ್ಟು ಓದಿದ ತಾನು ದೇವರ ಸನ್ನಿಧಿಗೆ ಹೋಗಬೇಕಾದರೆ ಇನ್ನೊಂದು ಜನ್ಮದಲ್ಲಿ ಗಂಡಾಗಿ ಹುಟ್ಟಬೇಕೆಂಬುದು ಅವರ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು.

1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ಜೂನ್ ತಿಂಗಳಲ್ಲಿ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿ ಬೇರೆಯಾಗಿದ್ದರೂ, ಸಿವಿಲ್ ಕಾನೂನಿನ ಪ್ರಕಾರ ವಿವಾಹವಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಸಣ್ಣ ಪ್ರತಿಯೊಂದು ಕೈಗೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂದಿತೋ ಯಾರಿಗೂ ತಿಳಿಯದು. ಸಂಸ್ಕೃತದಲ್ಲಿ ತಿಳಿಯದಿದ್ದುದು ಬಂಗಾಳಿಯಲ್ಲಿ ಹೃದಯಕ್ಕೆ ತಾಕಿತು. ಊರಿನ ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಮನೆಗೆ ಬಂದು ಆದಿಕಾಂಡದ ಮೊದಲ ಅಧ್ಯಾಯವನ್ನು ವಿವರಿಸಿದರು. ರಮಾಬಾಯಿಯವರ ಉತ್ಸಾಹವು ಪತಿಗೆ ರುಚಿಸಲಿಲ್ಲ. 1881ರ ಏಪ್ರಿಲಿನಲ್ಲಿ ಮನೋರಮೆಯು ಹುಟ್ಟಿದಳು; 1882ರ ಫೆಬ್ರವರಿಯಲ್ಲಿ ಪತಿಯು ಕಾಲರಾ ರೋಗದಿಂದ ತೀರಿಕೊಂಡರು. ಇಪ್ಪತ್ತಮೂರು ವರ್ಷದ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಹೆಣ್ಣುಕೂಸು.

ಅವರು ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿಯೆಂಬ ಪುಸ್ತಕವನ್ನು ಬರೆದರು. ಹಂಟರ್ ವಿದ್ಯಾ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯವಿತ್ತರು. ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮಾಡಿ, ವಾಂಟೇಜಿನ ಸಹೋದರಿಯರ ಆಶ್ರಯದಲ್ಲಿ ಇಳಿದರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆಯು ಕೈಗೂಡಲಿಲ್ಲ. ಜತೆಗೆ ಬಂದಿದ್ದ ಗೆಳತಿಯು ಅದೇ ವರ್ಷ ದಾರುಣವಾದ ಮರಣಕ್ಕೆ ಈಡಾದಳು.

ಲಂಡನ್ ನಗರದ ಫುಲ್ಹಾಮಿನಲ್ಲಿ ಅವರು ಕಂಡುದೊಂದು ಅವರ ಬಾಳಿನಲ್ಲಿ ಬಹಳ ಮುಖ್ಯವಾದುದು. ದಾರಿ ತಪ್ಪಿದ ಹೆಂಗಸರೆಂದು ಲೋಕವು ಹೊರಗಟ್ಟಿದವರನ್ನು ಅಲ್ಲಿನ ಸಹೋದರಿಯರು ಬರಮಾಡಿಕೊಂಡು, ಆರೈಕೆಮಾಡಿ, ಮನುಷ್ಯರಂತೆ ಬಾಳಲು ಕಲಿಸುತ್ತಿದ್ದರು. ಇದೇಕೆ ಹೀಗೆಂದು ರಮಾಬಾಯಿಯವರು ವಿಚಾರಿಸಿದರು. ಆಗ ಒಬ್ಬ ಸಹೋದರಿಯು, ಸಮಾರ್ಯದ ಸ್ತ್ರೀಯೊಡನೆ ಯೇಸುಸ್ವಾಮಿಯು ಬಾವಿಯ ಬಳಿಯಲ್ಲಿ ಮಾತನಾಡಿದ ವೃತ್ತಾಂತವನ್ನು ಯೋಹಾನನ ಸುವಾರ್ತೆಯಿಂದ ಓದಿ ತೋರಿಸಿದಳು. ಹೆಂಗಸೆಂದಾಗಲಿ ಕುಲಹೀನಳೆಂದಾಗಲಿ ಪತಿತಳೆಂದಾಗಲಿ ದೂರವಿಡದೆ ಜೀವಜಲದ ವಿಷಯವನ್ನು ಅವಳಿಗೇ ತಿಳಿಸಿದ ಗುರುವನ್ನು ರಮಾಬಾಯಿಯವರು ಮೊದಲು ಕಂಡದ್ದು ಅಲ್ಲಿ. ಬ್ರಾಹ್ಮಣರಾಗಿದ್ದು ಕ್ರೈಸ್ತರಾದ ನೆಹೆಮ್ಯಾ ಗೋರೆಯವರ ಬರಹಗಳು ಬುದ್ಧಿಯ ಸಂಶಯಗಳನ್ನು ಬಗೆಹರಿಸಿದವು. 1883ನೆಯ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಪಡೆದರು.

ಸಾಮಾನ್ಯವಾದ ಚರಿತ್ರೆಗಳು ಇಲ್ಲಿ ಮಂಗಳವನ್ನು ಹಾಡಿ ನಿಲ್ಲುವುವು. ನಮ್ಮ ಕಥೆಯಾದರೋ ಇಲ್ಲಿಂದಲೇ ಮೊದಲಾಗುವುದು.

ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಡೊರೊಥಿಯಾ ಬೀಲರ ಕೈಕೆಳಗೆ ಓದುತ್ತ, ಸಂಸ್ಕೃತವನ್ನು ಕಲಿಸುತ್ತ ಇದ್ದ ಕಾಲದಲ್ಲಿ ರಮಾಬಾಯಿಯವರಿಗೂ ವಾಂಟೇಜಿನ ಸಹೋದರಿ ಜೆರಾಲ್ಡಿನರಿಗೂ ನಡೆದ ಪತ್ರವ್ಯವಹಾರವು ಉಳಿದುಬಂದಿದೆ. ಸಭೆಯು ಬೋಧಿಸುವ ಕೆಲವು ತತ್ತ್ವಗಳನ್ನು ಸತ್ಯವೇದದಲ್ಲಿ ತಾವೇ ಕಂಡ ಹೊರತು ಒಪ್ಪಲಾರೆವೆಂದು ಅವರು ಹಟ ಹಿಡಿದರು. ಶಿಲುಬೆಯ ಮೇಲೆ ಲತೀನ್ ಅಕ್ಷರಗಳೇಕೆ, ಸಂಸ್ಕೃತವೇಕಿರಬಾರದು ಎಂದು ಕೇಳಿದರು. ದೀಕ್ಷೆ ಪಡೆದ ಹೊಸಬಳಿಗೆ ಇಷ್ಟು ಗರ್ವವೇ ಎಂದು ಸಹೋದರಿಯರು ನೊಂದುಕೊಂಡರು. ನಾವು ಇಬ್ಬರ ಕಡೆಗೂ ನ್ಯಾಯ ಹೇಳಬೇಕು. ಆ ಸಹೋದರಿಯರು ತಾಯಿಯಂತೆ ಪ್ರೀತಿಸಿದವರು, ಮನೋರಮೆಯನ್ನು ಸಾಕಿದವರು. ಆದರೂ ನಮಗೆ ರಮಾಬಾಯಿಯವರ ಮೊಂಡುತನದಲ್ಲಿ ಗರ್ವಕ್ಕಿಂತ ಪ್ರಾಮಾಣಿಕತೆಯೇ ಹೆಚ್ಚಾಗಿ ಕಾಣುವುದು. ತಾನರಿಯದುದನ್ನು ಅರಿತಂತೆ ನುಡಿಯಲು ಆ ನಾಲಗೆಯು ಒಪ್ಪಲಿಲ್ಲ. ಆಗಲೇ ಒಪ್ಪಿ ಸುಮ್ಮನಾಗಿದ್ದರೆ ಮುಂದಿನ ಹುಡುಕಾಟಕ್ಕೆ ಎಡೆಯೆಲ್ಲಿರುತ್ತಿತ್ತು?

1886ರಲ್ಲಿ, ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕೆಂದು ಅಮೇರಿಕಕ್ಕೆ ಹೋದವರು ಅಲ್ಲಿ ಎರಡು ವರ್ಷಗಳ ಮೇಲೆ ನಿಂತರು. ಶಿಶುವಿಹಾರ ಪದ್ಧತಿಯನ್ನು ಕಲಿತರು. ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷ್ ಗ್ರಂಥವನ್ನು ಬರೆದರು. ಬೋಸ್ಟನ್ ನಗರದ ಮಹನೀಯರು ಸೇರಿ ಹತ್ತು ವರ್ಷಗಳ ಕಾಲ ಸಹಾಯಮಾಡುವುದಾಗಿ ಸಂಘವೊಂದನ್ನು ಕಟ್ಟಿದರು. 1889ನೆಯ ಮಾರ್ಚ್ 11ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ಆರಂಭವಾಯಿತು. ಅಲ್ಲಿ ಕಲಿತ ಮೊದಲ ವಿಧವೆಯಾದ ಗೋದೂಬಾಯಿಯವರನ್ನು ಮುಂದೆ 1893ರಲ್ಲಿ ಧೋಂಡೊ ಕೇಶವ ಕರ್ವೆಯವರು ಮದುವೆಯಾದರು. ಆ ಕರ್ವೆಯವರೇ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಕಟ್ಟಿದವರು. 1890ರಲ್ಲಿ ಸದನವು ಪುಣೆಗೆ ಸ್ಥಳಾಂತರವಾಯಿತು.

ಹೊರಗೆ ಎಲ್ಲವೂ ಕೈಗೂಡುತ್ತಿತ್ತು, ಒಳಗೆ ಬರಿದಾಗಿತ್ತು. ಕ್ರೈಸ್ತರಾಗಿ ಏಳೆಂಟು ವರ್ಷಗಳು ಕಳೆದಿದ್ದವು. ಹಲವು ಸಭೆಗಳ ಬೋಧನೆಗಳನ್ನು ಅವರು ಕೇಳಿದ್ದರು, ಒಂದನ್ನೊಂದರೊಡನೆ ತೂಗಿ ನೋಡಿದ್ದರು. ಅಂಥ ದಿನಗಳಲ್ಲಿ ಅವರು ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯು ಬರೆದ ಮರಣದಿಂದ ಜೀವಕ್ಕೆ ಎಂಬ ಆತ್ಮಚರಿತ್ರೆಯನ್ನು ಓದಿದರು. ಈ ಪಾದ್ರಿಯು ಕಾರ್ನ್‌ವಾಲ್ ಸೀಮೆಯಲ್ಲಿ ವರ್ಷಗಟ್ಟಲೆ ಸಭಾಪಾಲಕನಾಗಿ, ದೇವಾಲಯವನ್ನು ಕಟ್ಟಿಸಿ, ಜನರಿಗೆ ಬೋಧಿಸುತ್ತಿದ್ದವನು. ತನ್ನ ತೋಟಗಾರನೊಬ್ಬನು ಕಾಯಿಲೆಯಲ್ಲಿ ಕ್ರಿಸ್ತನಲ್ಲಿ ಸಮಾಧಾನವನ್ನು ಕಂಡುಕೊಂಡುದನ್ನು ನೋಡಿ, ಆ ಸಮಾಧಾನವು ತನ್ನಲ್ಲಿಲ್ಲವೆಂದು ಅವನಿಗೆ ಹೊಳೆಯಿತು. 1851ರಲ್ಲಿ ಒಂದು ದಿನ ತಾನು ಪ್ರಸಂಗಪೀಠದಲ್ಲಿ ನಿಂತು ಬೋಧಿಸುತ್ತಿರುವಾಗಲೇ ತನ್ನ ಬೋಧನೆಯು ತನಗೇ ತಗಲಿ, ಅಲ್ಲಿಯೇ ಅವನ ಬಾಳು ಹೊಸದಾಯಿತು. ಪಾದ್ರಿಯಾದವನಿಗೇ ಹೀಗಾದರೆ!

ರಮಾಬಾಯಿಯವರು ಆ ಪುಸ್ತಕದಲ್ಲಿ ತಮ್ಮ ಮುಖವನ್ನೇ ಕಂಡರು. ತಮಗೆ ದೊರೆತದ್ದು ಕ್ರೈಸ್ತಧರ್ಮವೇ ಹೊರತು ಕ್ರಿಸ್ತನಲ್ಲವೆಂಬ ನಿಜವು ಅವರೆದುರಿಗೆ ನಿಂತಿತು. ಪರದೇಶದಲ್ಲಿರುವ ತಂದೆಯನ್ನು ಕಾಗದಗಳ ಮೂಲಕ ಮಾತ್ರ ಬಲ್ಲ ಮಗುವೊಂದುಂಟಷ್ಟೆ. ಅದು ತಂದೆಯ ಅಕ್ಷರವನ್ನು ಗುರುತಿಸಬಲ್ಲದು. ಅವನ ಊರನ್ನೂ ಉದ್ಯೋಗವನ್ನೂ ಹೇಳಬಲ್ಲದು. ಕೇಳಿದವರಿಗೆ ಕಾಗದಗಳನ್ನು ಓದಿ ತೋರಿಸಬಲ್ಲದು. ಆದರೂ ರಾತ್ರಿ ಹೆದರಿಕೆಯಾದಾಗ ಅದು ಯಾರ ತೋಳನ್ನು ಹಿಡಿಯಬೇಕು? ರಮಾಬಾಯಿಯವರ ಸ್ಥಿತಿಯು ಹಾಗಿತ್ತು. ಪಾಪವನ್ನು ಬಿಡುವೆನೆಂಬ ತಮ್ಮ ನಿಶ್ಚಯವನ್ನೂ ದೀಕ್ಷಾಸ್ನಾನವನ್ನೂ ನಂಬಿಕೊಂಡು, ಆ ಕರ್ತನನ್ನೇ ನಂಬುವುದನ್ನು ಅವರು ಮರೆತಿದ್ದರು.

ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಸಂಸ್ಕೃತವನ್ನು ಬಲ್ಲ ಪಂಡಿತೆ, ಎರಡು ಖಂಡಗಳಲ್ಲಿ ಭಾಷಣಮಾಡಿ ಹೆಸರು ಪಡೆದವರು, ಒಂದು ಸಂಸ್ಥೆಯ ಒಡತಿ. ಇಂಥವರು ತಾವಿನ್ನೂ ಹೊಸ್ತಿಲಾಚೆಯೇ ಇರುವುದಾಗಿ ಹೇಳಬೇಕಾಗಿತ್ತು. ಅವರು ಮತ್ತೆ ಸುವಾರ್ತೆಯನ್ನು ತೆರೆದರು; ಈ ಸಾರಿ ವಾದಿಸುವುದಕ್ಕಲ್ಲ, ಬೇಡುವುದಕ್ಕೆ. ರಾಯಚೂರಿನ ನೆರೆಮನೆಯ ಬಾಗಿಲಲ್ಲಿ ಮಾತು ಹೊರಡದೆ ನಿಂತ ಹುಡುಗಿಯು ನಮಗಿಲ್ಲಿ ನೆನಪಾಗುವಳು. ಕ್ರಿಸ್ತನ ರಕ್ಷಣೆಯು ಮುಂದಿನ ಜನ್ಮಕ್ಕಲ್ಲ, ಗಂಡಾಗಿ ಹುಟ್ಟಿದ ಮೇಲಲ್ಲ, ಹೆಣ್ಣಾಗಿರುವಾಗಲೇ, ಇದ್ದಂತೆಯೇ, ಈಗಲೇ ತನಗಾಗಿ ಇದೆಯೆಂದು 1891ರ ಸುಮಾರಿಗೆ ಅವರಿಗೆ ನಿಶ್ಚಯವಾಯಿತು. ಬಹುಕಾಲದ ಭಾರವು ಇಳಿದುಹೋಯಿತೆಂದು ಮುಂದೆ ತಮ್ಮ ಸಾಕ್ಷಿಯಲ್ಲಿ ಬರೆದಿರುವರು. ಆ ಹೊತ್ತಿನಿಂದ ಅವರ ಬರಹದ ಧ್ವನಿಯೇ ಬೇರೆಯಾಯಿತು.

ಮಿಂಚು ಹೊಳೆದು ಮಾಯವಾದಂಥ ಅನುಭವವು ಅದಾಗಿದ್ದರೆ ನಾವಿಷ್ಟು ವಿವರಿಸುತ್ತಿರಲಿಲ್ಲ. ಅದು ಎರಡೇ ವರ್ಷಗಳಲ್ಲಿ ಪುಟಕ್ಕೆ ಬಿದ್ದಿತು. ಶಾರದಾ ಸದನದಲ್ಲಿ ಯಾರ ಮತಾಚಾರಕ್ಕೂ ಕೈಹಾಕುವುದಿಲ್ಲವೆಂಬ ಕರಾರಿತ್ತು. ರಾನಡೆ, ಭಾಂಡಾರ್ಕರ್ ಮೊದಲಾದ ಹಿರಿಯರು ಅದನ್ನು ನಂಬಿ ಸಲಹಾಮಂಡಲಿಯಲ್ಲಿದ್ದರು. ರಮಾಬಾಯಿಯವರು ಪ್ರತಿದಿನವೂ ಮಗಳೊಡನೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಒಬ್ಬೊಬ್ಬರಾಗಿ ಹುಡುಗಿಯರು ಬಂದು ಕೂಡಹತ್ತಿದರು. ಊರಿನಲ್ಲಿ ಗುಲ್ಲೆದ್ದಿತು, ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. 1893ರಲ್ಲಿ ಮಂಡಲಿಯವರು ರಾಜೀನಾಮೆಯಿತ್ತರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು.

ಈ ಸಂಚಿಕೆಯನ್ನೋದುವ ತಂದೆತಾಯಿಗಳಲ್ಲಿ ನಾನಾ ಮತಗಳವರಿರುವರು. ಆದುದರಿಂದ ಈ ಸಂಗತಿಯನ್ನು ಜಾರಿಸಿಬಿಡುವುದು ನಮಗೆ ಒಪ್ಪುವುದಿಲ್ಲ. ನಂಬಿ ಮಗಳನ್ನು ಕಳುಹಿದವರಿಗೆ ಕಳವಳವಾದುದು ಸಹಜವೇ. ರಾನಡೆಯವರಂಥ ಸಜ್ಜನರು ದ್ವೇಷದಿಂದ ಹಿಂಜರಿದವರಲ್ಲ. ಆ ಕಾಲದ ಕ್ರೈಸ್ತಲೇಖಕರು ಅವರೆಲ್ಲರನ್ನೂ ಒಂದೇ ಏಟಿಗೆ ವಿರೋಧಿಗಳೆಂದು ಬರೆದುದು ಸರಿಯಲ್ಲ. ರಮಾಬಾಯಿಯವರ ಪಕ್ಷದಲ್ಲಿ ಹೇಳಬೇಕಾದುದೂ ಇದೆ. ಅವರು ಯಾರನ್ನೂ ಕರೆಯಲಿಲ್ಲ, ಬಲಾತ್ಕರಿಸಲಿಲ್ಲ. ಹಿಂದೂ ಹುಡುಗಿಯರಿಗೆ ತಮ್ಮ ಪೂಜೆಯನ್ನು ಮಾಡಿಕೊಳ್ಳುವ ಸ್ವಾತಂತ್ರ್ಯವಿರುವಾಗ, ತಮ್ಮ ಕೋಣೆಯಲ್ಲಿ ತಾವು ಪ್ರಾರ್ಥಿಸುವ ಸ್ವಾತಂತ್ರ್ಯವು ತಮಗೂ ಇರಬೇಕೆಂದರು. ಬಾಗಿಲನ್ನು ಮುಚ್ಚಿದ್ದರೆ ಸದನವು ಉಳಿಯುತ್ತಿತ್ತು, ಮಾನ್ಯರ ಸ್ನೇಹವೂ ಉಳಿಯುತ್ತಿತ್ತು. ನಾಲ್ಕು ವರ್ಷಗಳ ದುಡಿಮೆಯು ಕಣ್ಣೆದುರಿಗೆ ಕುಸಿಯುತ್ತಿದ್ದರೂ ಅವರು ಬಾಗಿಲನ್ನು ಮುಚ್ಚಲಿಲ್ಲ. ಮೊದಲಿನ ರಮಾಬಾಯಿಯವರು ತಮ್ಮ ಮತಸ್ವಾತಂತ್ರ್ಯಕ್ಕಾಗಿ ವಾದಿಸುತ್ತಿದ್ದರು. ಈಗಿನವರು ಒಬ್ಬ ಮಿತ್ರನನ್ನು ಬಿಟ್ಟುಕೊಡಲಾರದವರಂತೆ ವರ್ತಿಸಿದರು. ಉಳಿದ ಹುಡುಗಿಯರೊಡನೆ ಸದನವು ಸಾಗಿತು.

ಆಮೇಲಿನ ವರ್ಷಗಳಲ್ಲಿ ಆ ಪರಿಚಯವು ಹೇಗೆ ಬೆಳೆಯಿತೆಂಬುದನ್ನು ನೋಡಿದರೆ, ಧ್ಯಾನದಲ್ಲಿ ಕುಳಿತು ಬೆಳೆದುದಕ್ಕಿಂತ ಅಗತ್ಯಗಳ ನಡುವೆ ಬೆಳೆದುದೇ ಹೆಚ್ಚೆಂದು ತೋರುವುದು. ಜಾರ್ಜ್ ಮುಲ್ಲರ್, ಹಡ್ಸನ್ ಟೇಲರ್ ಮೊದಲಾದವರ ಚರಿತ್ರೆಗಳನ್ನೋದಿ, ಬೇರೆ ದೇಶಗಳಲ್ಲಿ ನಂಬತಕ್ಕ ದೇವರನ್ನು ಹಿಂದೂಸ್ಥಾನದಲ್ಲಿಯೂ ಹಾಗೆಯೇ ನಂಬಬಹುದೇ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಲೊನಾವಳಾದ ಬೆಟ್ಟದಲ್ಲಿ ನಡೆದ ಒಂದು ಕೂಟದಲ್ಲಿ, ಕ್ರಿಸ್ತನನ್ನು ಹಿಂಬಾಲಿಸಿದ ತಮ್ಮ 15 ಮಂದಿ ಹುಡುಗಿಯರಿಗಾಗಿ ಸ್ತೋತ್ರಮಾಡಿ, ಆ ಸಂಖ್ಯೆಯ ವರ್ಗದಷ್ಟು ಮಕ್ಕಳನ್ನು ಕೊಡಬೇಕೆಂದು ಬೇಡಿದರಂತೆ. ಹದಿನೈದರ ವರ್ಗವು 225. ಲೆಕ್ಕದ ತರಗತಿಯಲ್ಲಿ ನಾವು ಇಂಥ ಪ್ರಾರ್ಥನೆಯನ್ನು ಎಂದೂ ಕೇಳಿರಲಿಲ್ಲ! ಇಷ್ಟು ಮಂದಿಯನ್ನು ಎಲ್ಲಿಂದ ತರುವುದೆಂದು ಅವರಿಗೇ ತಿಳಿದಿರಲಿಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರವಾದ ಕ್ಷಾಮವು ತಲೆದೋರಿತು. ಹಸಿದ ಹುಡುಗಿಯ ಕಣ್ಣು ಹೇಗಿರುವುದೆಂದು ರಮಾಬಾಯಿಯವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರೇ ಹೊರಟು, ಅಸ್ಥಿಪಂಜರಗಳಂತಿದ್ದ ಹೆಣ್ಣುಮಕ್ಕಳನ್ನು ಸುಮಾರು 300 ಮಂದಿಯವರೆಗೆ ಕರೆತಂದರು. ಪುಣೆಯಲ್ಲಿ ಪ್ಲೇಗು ಕಾಣಿಸಿಕೊಂಡುದರಿಂದ ಅವರನ್ನು ಊರಿನಲ್ಲಿಟ್ಟುಕೊಳ್ಳಲು ಸಾಧ್ಯವಾಗಲಿಲ್ಲ. ಕೇಡಗಾಂವಿನಲ್ಲಿ ಮೊದಲೇ ಕೊಂಡಿದ್ದ ಹೊಲಕ್ಕೆ ಸಾಗಿಸಿದರು. ಅದೇ ಮುಕ್ತಿಸದನವಾಯಿತು. 1899-1900ರ ಗುಜರಾತಿನ ಕ್ಷಾಮವು ಕಳೆಯುವಷ್ಟರಲ್ಲಿ ಅಲ್ಲಿದ್ದವರ ಸಂಖ್ಯೆ 1,900ರ ಸಮೀಪಕ್ಕೆ ಏರಿತು. ದಿಕ್ಕಿಲ್ಲದ ಪತಿತೆಯರಿಗಾಗಿ ಕೃಪಾಸದನವೂ ಕುರುಡಿಯರಿಗಾಗಿ ಪ್ರತ್ಯೇಕವಾದ ಮನೆಯೂ ಎದ್ದವು. ಫುಲ್ಹಾಮಿನಲ್ಲಿ ಕಂಡದ್ದು ಕೇಡಗಾಂವಿಗೆ ಬಂದಿತು. ನೇಯ್ಗೆ, ಗಾಣ, ಹೈನು, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಇಷ್ಟು ಬಾಯಿಗಳಿಗೆ ನಾಳಿನ ಅನ್ನವು ಎಲ್ಲಿಂದ ಬರುವುದೆಂಬುದು ಎಷ್ಟೋ ರಾತ್ರಿ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದುದನ್ನು ಪ್ರಾರ್ಥನೆಯಲ್ಲಿ ಇಟ್ಟು ಅವರು ಮಲಗುವರು.

1905ರ ಆದಿಯಲ್ಲಿ ಅವರು ಉಜ್ಜೀವನಕ್ಕಾಗಿ ತಮ್ಮೊಡನೆ ದಿನಂಪ್ರತಿ ಪ್ರಾರ್ಥಿಸುವವರನ್ನು ಕರೆಯಲು 70 ಮಂದಿ ಹುಡುಗಿಯರು ಮುಂದೆಬಂದರು. ಜೂನ್ ತಿಂಗಳಲ್ಲಿ ಮುಕ್ತಿಯಲ್ಲಿ ಆದ ಉಜ್ಜೀವನವು ದೇಶವಿದೇಶಗಳಲ್ಲಿ ಪ್ರಖ್ಯಾತವಾಗಿದೆ. ಆ ದಿನಗಳ ಅಳು, ಹಾಡು, ಗದ್ದಲಗಳ ವಿಷಯವಾಗಿ ಬಹಳ ಬರೆಯಲಾಗಿದೆ, ನಾವದನ್ನು ಹೆಚ್ಚಿಸಲೊಲ್ಲೆವು.

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಅವರ ಕೊನೆಯ ಕೆಲಸ. ಆಗಿನ ಮರಾಠೀ ಸತ್ಯವೇದವು ಸಂಸ್ಕೃತಶಬ್ದಗಳಿಂದ ತುಂಬಿ, ಹೊಲದಿಂದ ಬಂದ ಹೆಣ್ಣುಮಕ್ಕಳಿಗೆ ದಕ್ಕದಂತಿತ್ತು. ಓದಲು ಕಲಿತರೂ ಅರ್ಥವಾಗದೆ ಅವರು ಪಂಡಿತರ ಮುಖವನ್ನು ನೋಡಬೇಕಾಗಿತ್ತು. ಕಲ್ಕತ್ತೆಯಲ್ಲಿ ತಮಗೆ ದೊರೆತ ಸಂಸ್ಕೃತದ ಸತ್ಯವೇದವು ಮೂಲೆಗೆ ಸೇರಿದ್ದನ್ನೂ ಸಿಲ್ಚಾರಿನ ಬಂಗಾಳಿಯ ಲೂಕನು ಎದೆಗೆ ಬಂದದ್ದನ್ನೂ ರಮಾಬಾಯಿಯವರು ಮರೆತಿರಲಿಲ್ಲವೆಂದು ನಾವು ಊಹಿಸುವೆವು. ನಾಲ್ವತ್ತು ದಾಟಿದ ಮೇಲೆ ಇಬ್ರಿಯ ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಸತ್ಯವೇದವೆಲ್ಲವನ್ನೂ ತಿಳಿಯಾದ ಮರಾಠಿಗೆ ತಾವೇ ಪರಿವರ್ತಿಸಲು ಕುಳಿತರು. ಸರಸ್ವತಿಯೆಂದು ಬಿರುದನ್ನು ಪಡೆದ ಲೇಖನಿಯು ಒಂದೊಂದು ಬಿಗಿಯಾದ ಪದವನ್ನು ತೆಗೆದುಹಾಕಿ, ಬೀಸುವ ಕಲ್ಲಿನ ಮುಂದೆ ಕುಳಿತವಳಿಗೂ ತಿಳಿಯುವ ಪದವನ್ನು ಹುಡುಕುತ್ತಿತ್ತು. ಸುಮಾರು ಹದಿನೆಂಟು ವರ್ಷಗಳ ಕಾಲ ಈ ಕೆಲಸವು ನಡೆಯಿತು. ಅಚ್ಚುಮೊಳೆಗಳನ್ನು ಜೋಡಿಸಿದವರೂ ಹಾಳೆಗಳನ್ನು ಮಡಿಸಿದವರೂ ಮುಕ್ತಿಯ ಹೆಂಗಸರೇ.

ಈ ನಡುವೆ ಕನ್ನಡನಾಡಿನ ಋಣವೂ ಅವರಿಗೆ ನೆನಪಿಗೆ ಬಂದಿತೋ ಏನೋ. 1912-13ರ ಸುಮಾರಿಗೆ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗೆಯಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಮನೋರಮೆಯ ನೆರವಿನಿಂದ ಒಂದು ಶಾಲೆಯನ್ನು ತೆರೆದರು. ತಾಯಿಯನ್ನು ಕಳೆದುಕೊಂಡ ರಾಯಚೂರು ಅಲ್ಲಿಗೆ ಬಹು ದೂರವೇನಲ್ಲ.

1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತಿತು. ಆಗ ಅವರಿಗೆ ಕಿವಿಯು ಕೇಳಿಸುತ್ತಿರಲಿಲ್ಲ, ದೇಹವು ಸೋತಿತ್ತು. ಕೆಲಸವನ್ನೆಲ್ಲ ಒಪ್ಪಿಸಬೇಕೆಂದಿದ್ದ ಮಗಳು 1921ನೆಯ ಜುಲೈ 24ರಂದು ನಾಲ್ವತ್ತನೆಯ ವಯಸ್ಸಿನಲ್ಲಿ ತಾಯಿಗಿಂತ ಮುಂಚೆ ಕಣ್ಮುಚ್ಚಿದಳು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ, ಈಗ ಮಗಳು. ಗಂಗಾಮೂಲದಿಂದ ಹೊರಟ ಆ ಮನೆತನದಲ್ಲಿ ಅವರೊಬ್ಬರೇ ಉಳಿದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ನಮ್ಮ ಓದುಗರಲ್ಲಿಯೂ ಇರುವರು. ಅವರಿಗೆ ನಾವು ಹೆಚ್ಚಾಗಿ ಹೇಳಬೇಕಾದುದಿಲ್ಲ. ರಮಾಬಾಯಿಯವರು ಮತ್ತೆ ಮೇಜಿನ ಮುಂದೆ ಕುಳಿತು ಕರಡು ಹಾಳೆಗಳನ್ನು ಕೈಗೆತ್ತಿಕೊಂಡರು.

1922ರ ವಸಂತದಲ್ಲಿ ಆ ಹಾಳೆಗಳನ್ನು ತಿದ್ದಿ ಮುಗಿಸಿದರು. ಏಪ್ರಿಲ್ 5ನೆಯ ತಾರೀಖು, ಅರುವತ್ತನಾಲ್ಕು ತುಂಬಲು ಮೂರು ವಾರಗಳಿಗಿಂತ ಕಡಮೆಯಿರುವಾಗ, ಅವರು ನಿದ್ರೆಯಲ್ಲಿಯೇ ತೀರಿಕೊಂಡರು. ಅವರ ಸತ್ಯವೇದವು ಪೂರ್ತಿಯಾಗಿ ಅಚ್ಚಾಗಿ ಹೊರಬಂದದ್ದು 1924ರಲ್ಲಿ. ಅದನ್ನು ಮೊದಲು ಬಿಡಿಸಿ ಓದಿದವರು, ಒಂದು ಕಾಲಕ್ಕೆ ಕ್ಷಾಮದ ದಾರಿಯ ಬದಿಯಿಂದ ಅವರು ಎತ್ತಿಕೊಂಡು ಬಂದಿದ್ದ ಹುಡುಗಿಯರು.